ದೀಪ ಹಸಿರು, ಹೆಸರು ಮಾತ್ರ ಸಿಗುತ್ತಿಲ್ಲ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಮಾವನಿಗೆ ಸಂಜೆ ಅಂದರೆ ಯೂಟ್ಯೂಬ್. ಮಳೆಗಾಲದಲ್ಲಿ ಬಯಲಾಟ ಇಲ್ಲ. ಆದರೆ ಒಂದಲ್ಲ ಒಂದು ಕಡೆ ತಾಳಮದ್ದಳೆ ಇರುತ್ತದೆ, ಅದನ್ನು ನೇರಪ್ರಸಾರ ಮಾಡುತ್ತಾರೆ. ಮಾವನಿಗೆ ಈಗ 81 ವರ್ಷ. ಉಡುಪಿಯ ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ಹೋಗುವುದು ಅವರಿಂದ ಆಗದ ಮಾತು. ಆರೂವರೆಗೆ ಚಾವಡಿಯ ಟಿವಿ ಮುಂದೆ ಕುರ್ಚಿ ಎಳೆದುಕೊಂಡು ಕೂತರೆ ಊಟಕ್ಕೆ ಕರೆಯುವವರೆಗೂ ಏಳುವುದಿಲ್ಲ.

ಆಟಿ ತಿಂಗಳ ಒಂದು ಭಾನುವಾರ ಟಿವಿಯಲ್ಲಿ ಆ ಚಕ್ರ ತಿರುಗುತ್ತಲೇ ಇತ್ತು.

"ಎಂತ ಮಗಳೇ, ಇವತ್ತೂ ಇಲ್ವಾ?" ಎಂದರು.

ಆ "ಇವತ್ತೂ" ಎಂಬ ಮಾತು ನನಗೆ ತಾಗಿತು. ಇದೇ ಕಥೆ ಶುರುವಾಗಿ ಮೂರು ವಾರ ಆಗಿತ್ತು. ಹಗಲಿಡೀ ಇಂಟರ್ನೆಟ್ ಚೆನ್ನಾಗಿಯೇ ಇರುತ್ತಿತ್ತು. ಸಂಜೆ ಆರು ದಾಟಿದ ಮೇಲೆ ಹಠ ಹಿಡಿಯುತ್ತಿತ್ತು. ಒಂದು ಸೈಟ್ ಒತ್ತಿದರೆ ಹತ್ತು ಸೆಕೆಂಡ್ ಬಿಳಿ ಪುಟ. ಆಮೇಲೆ ಒಂದೋ ಪಟ್ಟನೆ ಪೂರ್ತಿ ತೆರೆಯುತ್ತಿತ್ತು, ಇಲ್ಲವೇ "ಈ ಸೈಟ್ ಸಿಗುತ್ತಿಲ್ಲ" ಎನ್ನುವ ಪುಟ ಬರುತ್ತಿತ್ತು. ಅದರ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ "ಡಿಎನ್‌ಎಸ್ ಪ್ರೋಬ್" ಅಂತ ಶುರುವಾಗುವ ಒಂದು ಸಾಲು. ನಾನು ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವವಳು. ಫೈಲುಗಳು ಮೇಲ್‌ನಲ್ಲಿ ಬರುತ್ತವೆ, ತಿದ್ದಿದ ಮೇಲೆ ಹಾಗೆಯೇ ಹೋಗುತ್ತವೆ. ರಾತ್ರಿ ಕಳಿಸುತ್ತೇನೆ ಎಂದು ಮಾತು ಕೊಟ್ಟದ್ದನ್ನು ಎರಡು ಸಲ ಮರುದಿನ ಬೆಳಿಗ್ಗೆ ಕಳಿಸಬೇಕಾಯಿತು. ಮಾವನ ತಾಳಮದ್ದಳೆಯೂ ಹೋಯಿತು, ನನ್ನ ಮಾತೂ ಹೋಯಿತು.

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆ. ಮೋಡೆಮ್ ಆಫ್ ಮಾಡಿ ಆನ್ ಮಾಡಿ ಎಂದರು. ಮಾಡಿದೆ. ಎರಡು ದಿನ ಬಿಟ್ಟು ಒಬ್ಬ ಹುಡುಗ ಬಂದ. ರೈನ್‌ಕೋಟ್ ಜಗಲಿಯಲ್ಲಿ ಬಿಚ್ಚಿಟ್ಟು ಒಳಗೆ ಬಂದು ಮೋಡೆಮ್ ಡಬ್ಬದ ದೀಪಗಳನ್ನು ನೋಡಿದ. "ಪವರ್ ಹಸಿರು ಉಂಟು, ಪಾನ್ ಹಸಿರು ಉಂಟು, ಲಾಸ್ ದೀಪ ಕೆಂಪು ಇಲ್ಲ. ಲೈನ್ ಸರಿ ಉಂಟಕ್ಕ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಪಾನ್ ಹಸಿರು ಅಂದರೆ ಕಂಪನಿಯ ಕಡೆ ಸಂಪರ್ಕ ಇದೆ ಎಂದು. ಫೈಬರ್ ತುಂಡಾದರೆ ಲಾಸ್ ಎಂಬ ಕೆಂಪು ದೀಪ ಮಿನುಗುತ್ತದೆ. ತೆಂಗಿನ ಮಡಲು ಬಿದ್ದು ಒಮ್ಮೆ ಹಾಗೆ ಆಗಿತ್ತು, ನನಗೆ ಗೊತ್ತು. ಅವನು ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಎಲ್ಲವೂ ಸರಿ ಇರುತ್ತಿತ್ತು.

ಒಂದು ವಿಷಯ ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ. ಸೈಟ್ ತೆರೆಯದ ಅದೇ ಹೊತ್ತಿನಲ್ಲಿ ವಾಟ್ಸಾಪ್ ಮೆಸೇಜ್ ಬರುತ್ತಿತ್ತು. ವಿಡಿಯೋ ಕಾಲ್ ಕೂಡ ಹೋಗುತ್ತಿತ್ತು. ನೆಟ್ ಇಲ್ಲ ಅಂದರೆ ಇದೂ ಇರಬಾರದು ಅಲ್ವಾ?

ಆ ಭಾನುವಾರ ಇದೇ ಮಾತನ್ನು ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಹೇಳಿದೆ. ಅವನ ಕೆಲಸವೇ ನೆಟ್‌ವರ್ಕ್ ನೋಡಿಕೊಳ್ಳುವುದು. ನಾನು ಹೇಳಿ ಮುಗಿಸುವ ಮೊದಲೇ, "ಚಿಕ್ಕಮ್ಮ, ನಿಮ್ಮ ನೆಟ್ ಹೋಗಿಲ್ಲ. ಹೆಸರು ಕೇಳುವ ಕಡೆ ತೊಂದರೆ ಉಂಟು. ಲ್ಯಾಪ್‌ಟಾಪ್ ತೆಗೀರಿ" ಎಂದ. ದೂರದಿಂದಲೇ ನನ್ನ ಸ್ಕ್ರೀನ್ ತೆರೆದು ತಾನೇ ಸರಿ ಮಾಡಬಹುದಿತ್ತು. ಮಾಡಲಿಲ್ಲ. "ನೀವೇ ಮಾಡಿ, ನಾನು ಹೇಳ್ತೇನೆ" ಎಂದ. ಅವತ್ತು ಅವನು ಹಾಗೆ ಹೇಳಿದ್ದಕ್ಕೆ ನಾನು ಇವತ್ತಿಗೂ ಋಣಿ.

ಮೊದಲ ಪರೀಕ್ಷೆ ಎರಡೇ ನಿಮಿಷದ್ದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆದು, ಪಿಂಗ್ ಎಂದು ಬರೆದು, ಒಂದು ಜಾಗ ಬಿಟ್ಟು 8.8.8.8 ಎಂಬ ಗೂಗಲ್ ಸರ್ವರಿನ ನಂಬರು ಹೊಡೆದೆ. ನಾಲ್ಕು ಸಲ ಉತ್ತರ ಬಂತು. ಒಂದೊಂದೂ 20 ಮಿಲಿಸೆಕೆಂಡ್ ಆಸುಪಾಸು. ಅಂದರೆ ನಮ್ಮ ಮನೆಯಿಂದ ಹೊರಗಿನ ಇಂಟರ್ನೆಟ್ಟಿಗೆ ದಾರಿ ಚೆನ್ನಾಗಿಯೇ ಇದೆ.

ಎರಡನೆಯದು ಎನ್‌ಎಸ್‌ಲುಕಪ್, ಹೆಸರು ಕೊಟ್ಟು ನಂಬರು ಕೇಳುವ ಕಮಾಂಡ್. ಅದರ ಮುಂದೆ ಯಾವುದಾದರೂ ಸೈಟಿನ ಹೆಸರು ಬರೆಯಬೇಕು. ನಮ್ಮ ಜಿಲ್ಲೆಯ ಸರ್ಕಾರಿ ತಾಣದ್ದು ಬರೆದೆ, ಉಡುಪಿ ಡಾಟ್ ಎನ್‌ಐಸಿ ಡಾಟ್ ಇನ್. ಎಂಟರ್ ಒತ್ತಿದ ಮೇಲೆ ಕರ್ಸರ್ ಸುಮ್ನೆ ಮಿನುಗುತ್ತಾ ನಿಂತಿತು. ಆಮೇಲೆ ಒಂದು ಸಾಲು: ಡಿಎನ್‌ಎಸ್ ಕೋರಿಕೆಗೆ ಸಮಯ ಮೀರಿತು, ಕಾದದ್ದು 2 ಸೆಕೆಂಡ್. ಮತ್ತೆ ಅದೇ ಸಾಲು. ಮತ್ತೆ ಅದೇ.

ಮೂರನೆಯದು ಎಲ್ಲವನ್ನೂ ಬಿಡಿಸಿ ಹೇಳಿತು. ಅದೇ ಸಾಲನ್ನು ಮತ್ತೆ ಬರೆದು, ಕೊನೆಯಲ್ಲಿ ಒಂದು ಜಾಗ ಬಿಟ್ಟು 1.1.1.1 ಎಂದು ಸೇರಿಸಿದೆ. ಎಂಟರ್ ಒತ್ತಿ ಬೆರಳು ಎತ್ತುವ ಮೊದಲೇ ಉತ್ತರ ಬಂತು. ಮನೆ ಅದೇ, ವೈರ್ ಅದೇ, ಪ್ರಶ್ನೆಯೂ ಅದೇ. ಕೇಳಿದ್ದು ಮಾತ್ರ ಬೇರೆಯವರನ್ನು.

ನಮ್ಮ ಕಡೆ ಮನೆಗಳಿಗೆ ನಂಬರಿಗಿಂತ ಹೆಸರು ಮುಖ್ಯ. ಹೊಸಬರು ಬಂದರೆ ತಿರುವಿನ ಅಂಗಡಿಯ ಎದುರು ರಿಕ್ಷಾ ನಿಲ್ಲಿಸಿ ಇಂಥವರ ಮನೆ ಎಲ್ಲಿ ಅಂತ ಕೇಳುತ್ತಾರೆ. ಅಂಗಡಿಯವರು ಕೈ ತೋರಿಸಿದರೆ ರಿಕ್ಷಾ ಮುಂದೆ ಹೋಗುತ್ತದೆ. ರಸ್ತೆ ಸರಿ ಇದೆ, ರಿಕ್ಷಾವೂ ಸರಿ ಇದೆ. ಆದರೆ ಅಂಗಡಿ ಮುಚ್ಚಿದ್ದರೆ ರಿಕ್ಷಾ ಅಲ್ಲೇ ನಿಲ್ಲಬೇಕು. ಇಂಟರ್ನೆಟ್ಟಿನಲ್ಲಿ ಆ ಅಂಗಡಿಯೇ ಡಿಎನ್‌ಎಸ್. ನಾವು ಸೈಟಿನ ಹೆಸರು ಬರೆಯುತ್ತೇವೆ, ಕಂಪ್ಯೂಟರಿಗೆ ಬೇಕಾದದ್ದು ನಂಬರು. ಹೆಸರು ಕೊಟ್ಟು ನಂಬರು ತೆಗೆದುಕೊಳ್ಳುವ ಕೆಲಸ ಪ್ರತಿ ಸಲವೂ ಮೊದಲು ಆಗಬೇಕು. ನಮ್ಮ ಮನೆಯ ಡಬ್ಬ ಕೇಳುತ್ತಿದ್ದದ್ದು ಇಂಟರ್ನೆಟ್ ಕಂಪನಿಯವರ ಅಂಗಡಿಯಲ್ಲಿ. ಸಂಜೆ ಹೊತ್ತಿಗೆ ಆ ಅಂಗಡಿಯಿಂದ ಉತ್ತರ ಬರುತ್ತಿರಲಿಲ್ಲ. ವಾಟ್ಸಾಪ್‌ಗೆ ಹಾಗಲ್ಲ, ಅದು ಆಗಲೇ ಮನೆ ಕಂಡುಹಿಡಿದು ಒಳಗೆ ಕೂತಿರುತ್ತದೆ. ಮತ್ತೆ ದಾರಿ ಕೇಳುವ ಅಗತ್ಯ ಅದಕ್ಕೆ ಕಡಿಮೆ.

ಇದು ತಿಳಿದ ಮೇಲೆ ಡಿಎನ್‌ಎಸ್ ಬಗ್ಗೆ ನನಗೆ ಒಂಥರಾ ಪ್ರೀತಿ ಹುಟ್ಟಿತು. ಮೊದಲೆಲ್ಲ ನೆಟ್‌ವರ್ಕ್‌ನಲ್ಲಿದ್ದ ಎಲ್ಲ ಕಂಪ್ಯೂಟರುಗಳ ಹೆಸರು, ನಂಬರು ಒಂದೇ ಪಟ್ಟಿಯಲ್ಲಿ ಇರುತ್ತಿದ್ದವಂತೆ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬವರ ತಂಡ ಆ ಪಟ್ಟಿಯನ್ನು ನೋಡಿಕೊಳ್ಳುತ್ತಿತ್ತು. ಹೊಸ ಹೆಸರು ಸೇರಬೇಕಾದರೆ ಅವರಿಗೆ ತಿಳಿಸಬೇಕು, ಅವರು ಬರೆದುಕೊಳ್ಳಬೇಕು, ಉಳಿದವರು ಹೊಸ ಪಟ್ಟಿ ಇಳಿಸಿಕೊಳ್ಳಬೇಕು. ಕಂಪ್ಯೂಟರುಗಳು ಜಾಸ್ತಿ ಆದಂತೆ ಇದು ಕೈಮೀರಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಪಟ್ಟಿಯನ್ನು ಒಡೆದು ಹಂಚುವ ದಾರಿ ಕಂಡುಹಿಡಿದರು. ಅದೇ ಡಿಎನ್‌ಎಸ್. ದಿನವಿಡೀ ಹೆಸರು, ಅಂಕಿ ನೋಡುತ್ತಾ ಕೂರುವ ನನಗೆ ಆ ಪಟ್ಟಿ ಕಾದವರ ಕಷ್ಟ ಚೆನ್ನಾಗಿ ಗೊತ್ತಾಗುತ್ತದೆ.

ಈ ಹೆಸರುಗಳನ್ನು ಬಲದಿಂದ ಎಡಕ್ಕೆ ಓದಬೇಕು. ಲಕೋಟೆಯ ವಿಳಾಸವನ್ನು ಅಂಚೆಯವರು ಕೆಳಗಿನ ಸಾಲಿನಿಂದ ನೋಡಿದ ಹಾಗೆ. ಮೊದಲು 576101 ಎಂಬ ಪಿನ್‌ಕೋಡ್, ಆಮೇಲೆ ಬೀದಿ, ಕೊನೆಗೆ ಮನೆ. ಡಿಎನ್‌ಎಸ್ ಸರ್ವರ್ ಕೂಡ ಮೊದಲು ಎಲ್ಲದರ ಬುಡದಲ್ಲಿರುವ ರೂಟ್ ಸರ್ವರುಗಳಲ್ಲಿ ಒಂದನ್ನು ಕೇಳುತ್ತದೆ. ಅವುಗಳಿಗೆ ಒಟ್ಟು 13 ಹೆಸರು. ಅದು ಡಾಟ್ ಇನ್ ನೋಡಿಕೊಳ್ಳುವವರು ಯಾರು ಎಂದು ಹೇಳುತ್ತದೆ. ಅವರು ಸರ್ಕಾರಿ ತಾಣಗಳನ್ನು ನೋಡಿಕೊಳ್ಳುವ ಎನ್‌ಐಸಿ ಕಡೆ ಕೈ ತೋರಿಸುತ್ತಾರೆ. ಎನ್‌ಐಸಿಯವರು ಉಡುಪಿ ಎಲ್ಲಿದೆ ಎಂದು ಹೇಳುತ್ತಾರೆ. ಒಮ್ಮೆ ಗೊತ್ತಾದ ಉತ್ತರವನ್ನು ಆ ಡಿಎನ್‌ಎಸ್ ಸರ್ವರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಇಷ್ಟೂ ಓಡಾಟ ನಮ್ಮ ಕಣ್ಣಿಗೆ ಬೀಳದೆ ಮುಗಿಯುತ್ತದೆ.

ಇನ್ನು ಬದಲಾಯಿಸುವ ಕೆಲಸ. ಯಾರ ನಂಬರು ಹಾಕುವುದು ಎಂದು ಮೊದಲು ತೀರ್ಮಾನ ಆಗಬೇಕು. ಯಾರು ಬೇಕಾದರೂ ಹಣ ಕೊಡದೆ ಬಳಸುವ ಡಿಎನ್‌ಎಸ್ ಸರ್ವರುಗಳು ಕೆಲವು ಇವೆ. ಗೂಗಲ್‌ನದ್ದು 8.8.8.8 ಮತ್ತು 8.8.4.4, 2009ರಿಂದ ಇದೆ. ಕ್ವಾಡ್‌ನೈನ್ ಎಂಬುದು 9.9.9.9. ಇದನ್ನು ನಡೆಸುವುದು ಲಾಭಕ್ಕಾಗಿ ಅಲ್ಲದ ಸಂಸ್ಥೆ, ಈಗ ಅದರ ನೆಲೆ ಸ್ವಿಟ್ಜರ್ಲೆಂಡ್. ಮೋಸದ ಸೈಟುಗಳ ಹೆಸರು ಕೇಳಿದರೆ ಉತ್ತರ ಕೊಡುವುದಿಲ್ಲ. ಕ್ಲೌಡ್‌ಫ್ಲೇರ್ ಎಂಬ ಕಂಪನಿಯದ್ದು 1.1.1.1 ಮತ್ತು 1.0.0.1. ಇದು ಶುರುವಾದದ್ದು 2018ರ ಏಪ್ರಿಲ್ 1ರಂದು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಹಾಗಾಗಿ 4/1, ಅಂದರೆ ನಾಲ್ಕು ಒಂದುಗಳು ಎಂದು ಲೆಕ್ಕ ಹಾಕಿ ಆ ದಿನ ಆರಿಸಿದ್ದರಂತೆ. ನಮ್ಮ ಮನೆಯಿಂದ ಮೂರಕ್ಕೂ ಎನ್‌ಎಸ್‌ಲುಕಪ್ ಹಾಕಿ ನೋಡಿದೆ, ಮೂರೂ ಚಕಚಕ ಉತ್ತರ ಕೊಟ್ಟವು. ಮಾವನಿಗೂ ಬಾಯಲ್ಲಿ ನಿಲ್ಲುವ ನಂಬರು ಇರಲಿ ಎಂದು 1.1.1.1 ಇಟ್ಟುಕೊಂಡೆ.

ಇವರು ಆಗ ಅಡುಗೆಮನೆಯಿಂದ ಬಂದು, "ಬ್ಯಾಂಕಿಂದು ಎಲ್ಲ ಇದರಲ್ಲೇ ಮಾಡುವುದಲ್ವಾ, ತೊಂದರೆ ಆಗ್ಲಿಕ್ಕಿಲ್ವಾ?" ಎಂದು ಕೇಳಿದರು. ಸೊಸೈಟಿಯಲ್ಲಿ ಕೆಲಸ ಮಾಡುವವರು, ದುಡ್ಡಿನ ವಿಷಯದಲ್ಲಿ ಅವರಿಗೆ ಜಾಸ್ತಿ ಎಚ್ಚರ. ಅದು ಸರಿಯಾದ ಪ್ರಶ್ನೆಯೇ. ದಾರಿ ಹೇಳುವವನು ಕೆಟ್ಟವನಾದರೆ ಬೇರೆ ಮನೆಗೇ ಕಳಿಸಬಹುದು. ಡಿಎನ್‌ಎಸ್ ಚೇಂಜರ್ ಎಂಬ ವೈರಸ್ ಹೀಗೆ ಮಾಡುತ್ತಿತ್ತು. ಜನರಿಗೆ ಗೊತ್ತಿಲ್ಲದೆ ಕಂಪ್ಯೂಟರಿನ ಡಿಎನ್‌ಎಸ್ ನಂಬರು ಬದಲಾಯಿಸಿ ಅದನ್ನು ಮಾಡಿದವರ ಸರ್ವರಿಗೆ ತಿರುಗಿಸುತ್ತಿತ್ತು. 2011ರ ನವೆಂಬರಿನಲ್ಲಿ ಎಸ್ಟೋನಿಯಾದಲ್ಲಿ ಅದರ ಹಿಂದಿನವರನ್ನು ಹಿಡಿದರು. ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳಿಗೆ ಅದು ತಗಲಿತ್ತು. ಆ ಸರ್ವರುಗಳನ್ನು ಒಮ್ಮೆಲೇ ನಿಲ್ಲಿಸಿದರೆ ಅಷ್ಟೂ ಜನರ ನೆಟ್ ನಿಲ್ಲುತ್ತದೆ ಎಂದು ಅವುಗಳ ಜಾಗದಲ್ಲಿ ಬೇರೆ ಸರ್ವರ್ ಇಟ್ಟು 2012ರ ಜುಲೈ 9ರವರೆಗೆ ನಡೆಸಿದರು. ಆದ್ದರಿಂದ ಎಲ್ಲೋ ಯಾರೋ ಕಳಿಸಿದ ನಂಬರನ್ನು ಹಾಕಲೇಬಾರದು. ಹೆಸರಾಂತ ಸಂಸ್ಥೆಗಳದ್ದೇ ಹಾಕಬೇಕು, ಅದನ್ನೂ ಅವರ ಸ್ವಂತ ಸೈಟಿನಿಂದ ನೋಡಿಯೇ ಬರೆಯಬೇಕು. ಇದಲ್ಲದೆ ಕೆಲವು ಬ್ರೌಸರುಗಳಲ್ಲಿ ಬ್ಯಾಂಕಿನ ಪುಟಕ್ಕೆ ಬೀಗದ ಗುರುತು ಇರುತ್ತದಲ್ಲ, ಪುಟ ಬ್ಯಾಂಕಿನದ್ದೇ ಹೌದೋ ಎಂಬ ಆ ತಪಾಸಣೆ ಡಿಎನ್‌ಎಸ್‌ನಿಂದ ಬೇರೆಯೇ. ಇದನ್ನೆಲ್ಲ ಅಕ್ಕನ ಮಗ ಸ್ಪೀಕರಿನಲ್ಲಿ ಬಿಡಿಸಿ ಹೇಳಿದ ಮೇಲೆ ಇವರು ಸಮಾಧಾನದಿಂದ ಕುರ್ಚಿ ಎಳೆದು ಕೂತರು.

ಡಬ್ಬ ನಮ್ಮ ಚಾವಡಿಯ ಕಿಟಕಿಯ ಮೇಲಿನ ಹಲಗೆಯಲ್ಲಿ ಇರುವುದು. ಇಳಿಸಿ ಮಗುಚಿ ನೋಡಿದೆ. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ 192.168.1.1 ಎಂದು ಇತ್ತು, ಕೆಳಗೆ ಹೆಸರು ಮತ್ತು ಪಾಸ್‌ವರ್ಡ್. ನಾಲ್ಕು ವರ್ಷದಿಂದ ದಿನಾ ಧೂಳು ಒರೆಸುತ್ತಿದ್ದೇನೆ, ಆ ಚೀಟಿಯನ್ನು ಓದಿದ್ದು ಅವತ್ತೇ ಮೊದಲು. ಪಕ್ಕದಲ್ಲಿ ರೀಸೆಟ್ ಎಂದು ಬರೆದ ಸೂಜಿಯಷ್ಟು ಸಣ್ಣ ತೂತು. "ಅದಕ್ಕೆ ಮಾತ್ರ ಪಿನ್ ಹಾಕಬೇಡಿ" ಎಂದ ಅಕ್ಕನ ಮಗ. ಅದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಕಂಪನಿಯವರು ಒಳಗೆ ಬರೆದಿಟ್ಟ ಲಾಗಿನ್ ಸಮೇತ ಎಲ್ಲ ಅಳಿಸಿಹೋಗುತ್ತದೆ. ಆಮೇಲೆ ಅವರೇ ಬಂದು ಹಾಕಿಕೊಡಬೇಕು.

ಬ್ರೌಸರಿನಲ್ಲಿ 192.168.1.1 ಹೊಡೆದೆ. ಲಾಗಿನ್ ಪುಟ ಬಂತು. ಒಳಗೆ ಹೋದ ಮೇಲೆ ಮೊದಲು ಮಾಡಿದ ಕೆಲಸ ಯಾವುದನ್ನೂ ಮುಟ್ಟದೆ ಪುಟಗಳ ಫೋಟೋ ತೆಗೆದದ್ದು. ಫೋನ್ ಕೈಯಲ್ಲಿ ಹಿಡಿದು ಹೊರಗಿನ ಲೈನಿನ ವ್ಯಾನ್ ಪುಟ, ಮನೆಯೊಳಗಿನ ನೆಟ್‌ವರ್ಕಿನ ಲ್ಯಾನ್ ಪುಟ, ಡಿಎಚ್‌ಸಿಪಿ ಪುಟ, ಎಲ್ಲ ತೆಗೆದುಕೊಂಡೆ. ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ ಇದೊಂದನ್ನು ಬಿಡಬೇಡಿ. ಮೊದಲು ಏನಿತ್ತು ಎಂದು ಗೊತ್ತಿದ್ದರೆ ಹೆದರುವಂಥದ್ದು ಏನೂ ಇಲ್ಲ.

ಡಿಎನ್‌ಎಸ್ ಬದಲಾಯಿಸಲು ಎರಡು ಜಾಗ ಇರುತ್ತದೆ. ವ್ಯಾನ್ ಕಡೆ ಬದಲಾಯಿಸಿದರೆ ಮನೆಯ ಫೋನು, ಟಿವಿಗಳು ಮೊದಲಿನ ಹಾಗೆ ಡಬ್ಬವನ್ನೇ ಕೇಳುತ್ತವೆ, ಡಬ್ಬ ಹೊಸಬರನ್ನು ಕೇಳುತ್ತದೆ. ನಮ್ಮದರಲ್ಲಿ ವ್ಯಾನ್ ಪುಟವನ್ನು ಕಂಪನಿಯವರು ಬೀಗ ಹಾಕಿ ಇಟ್ಟಿದ್ದರು. ಅಕ್ಷರಗಳೆಲ್ಲ ಬೂದು ಬಣ್ಣ, ಕರ್ಸರ್ ಒಳಗೆ ಹೋಗುವುದಿಲ್ಲ. ಹಾಗಾಗಿ ಲ್ಯಾನ್ ಕಡೆಯ ಡಿಎಚ್‌ಸಿಪಿ ಪುಟ. ವೈಫೈಗೆ ಸೇರುವ ಪ್ರತಿಯೊಂದಕ್ಕೂ "ನಿನ್ನ ನಂಬರು ಇದು, ಹೆಸರು ಕೇಳಬೇಕಾದರೆ ಇಲ್ಲಿ ಕೇಳು" ಎಂದು ಚೀಟಿ ಕೊಡುವುದು ಡಿಎಚ್‌ಸಿಪಿ. ಆ ಚೀಟಿಯಲ್ಲಿ ಇರಬೇಕಾದ ನಂಬರನ್ನು ನಾವು ಬದಲಾಯಿಸಬಹುದು.

ಆ ಪುಟದಲ್ಲಿ ಒಂದರ ಕೆಳಗೆ ಒಂದು ಖಾನೆಗಳು. ನಾನು 1.1.1.1 ಬರೆದೆ. ಸೇವ್ ಒತ್ತುವ ಮೊದಲು, "ಪುಟ ಪೂರ್ತಿ ಓದಿ ಹೇಳಿ ಚಿಕ್ಕಮ್ಮ" ಎಂದ. ಮುಖ್ಯವಾದ ಕರಡುಗಳನ್ನು ನಾವು ಹೀಗೇ ಓದುವುದು, ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಮೂಲ ನೋಡುತ್ತಾರೆ. ಓದಿದೆ. ಲ್ಯಾನ್ ಐಪಿ ವಿಳಾಸ, 1.1.1.1. ಸಬ್‌ನೆಟ್ ಮಾಸ್ಕ್, 255.255.255.0...

"ನಿಲ್ಲಿ ನಿಲ್ಲಿ. ಯಾವ ಖಾನೆಯಲ್ಲಿ ಬರೆದದ್ದು?"

ಎಲ್ಲಕ್ಕಿಂತ ಮೇಲಿನ ಖಾನೆಯಲ್ಲಿ ಬರೆದಿದ್ದೆ. ಅದು ಡಬ್ಬದ ಸ್ವಂತ ವಿಳಾಸ. ಸೇವ್ ಒತ್ತಿದ್ದರೆ ಡಬ್ಬ ತನ್ನ ನಂಬರನ್ನೇ ಬದಲಾಯಿಸಿಕೊಳ್ಳುತ್ತಿತ್ತು, ನಮ್ಮ ಕೈಗೆ ಆ ಪುಟ ಸಿಗುತ್ತಿರಲಿಲ್ಲ. ಫೋಟೋ ನೋಡಿ 192.168.1.1 ಮತ್ತೆ ಬರೆದೆ. ಪ್ರೈಮರಿ ಡಿಎನ್‌ಎಸ್ ಖಾನೆ ಇನ್ನೂ ಕೆಳಗಿತ್ತು. ಅಲ್ಲಿ 1.1.1.1, ಅದರ ಕೆಳಗಿನ ಸೆಕೆಂಡರಿಯಲ್ಲಿ 1.0.0.1. ಮತ್ತೊಮ್ಮೆ ಮೊದಲಿನಿಂದ ಓದಿದೆ. ಆಮೇಲೆ ಸೇವ್.

ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ ಆನ್ ಮಾಡಿದೆ, ಹೊಸ ಚೀಟಿ ಸಿಗಬೇಕಲ್ಲ. ಹಳೆಯ ಉತ್ತರಗಳ ನೆನಪು ಅಳಿಸಲು ಐಪಿ ಕಾನ್ಫಿಗ್ ಫ್ಲಶ್ ಡಿಎನ್‌ಎಸ್ ಎಂಬ ಕಮಾಂಡ್ ಕೊಟ್ಟೆ. ಸೈಟ್ ತೆರೆದೆ.

ಅದೇ ಬಿಳಿ ಪುಟ.

ಮಾವ ಏನೂ ಹೇಳಲಿಲ್ಲ. ಟಿವಿ ಆಫ್ ಮಾಡಿ ಜಗಲಿಗೆ ಹೋಗಿ ಮಳೆ ನೋಡುತ್ತಾ ನಿಂತರು. ನನಗೆ ಆ ಹೊತ್ತು ತುಂಬಾ ಬೇಜಾರಾಯಿತು.

ಮತ್ತೆ ಎನ್‌ಎಸ್‌ಲುಕಪ್ ಹಾಕಿದೆ. ಈ ಸಲ ಅವನು, "ಕೆಳಗಿನದು ಬೇಡ, ಮೊದಲ ಸಾಲು ಓದಿ" ಎಂದ. ಯಾವ ಸರ್ವರನ್ನು ಕೇಳುತ್ತಿದ್ದೇನೆ ಎಂದು ಲ್ಯಾಪ್‌ಟಾಪ್ ಹೇಳುವುದು ಆ ಸಾಲಿನಲ್ಲೇ. ಅಲ್ಲಿ 1.1.1.1 ಇರಲಿಲ್ಲ. ಎಫ್‌ಇ80 ಎಂದು ಶುರುವಾಗುವ, ನಡುವೆ ಎರಡು ಕೋಲನ್ ಇರುವ ಏನೋ ಒಂದು ಇತ್ತು. ಹಿಂದೆ ಮಾಡಿದ ಪರೀಕ್ಷೆಯನ್ನು ಮೇಲೆ ಸರಿಸಿ ನೋಡಿದೆ. ಆಗಲೂ ಅದೇ ಇತ್ತು. ಉತ್ತರ ನೋಡುವ ಆತುರದಲ್ಲಿ ಮೊದಲ ಸಾಲನ್ನು ಓದದೆ ಬಿಟ್ಟಿದ್ದೆ.

ಆಗ ಗೊತ್ತಾದದ್ದು ಇಷ್ಟು. ಈಗಿನ ಡಬ್ಬಗಳಲ್ಲಿ ಎರಡು ಬಗೆಯ ವಿಳಾಸ ಒಟ್ಟಿಗೆ ಓಡುತ್ತಿರುತ್ತದೆ. ಚುಕ್ಕಿ ಹಾಕಿದ ನಾಲ್ಕು ಸಂಖ್ಯೆಗಳ ಹಳೆಯದು ಐಪಿವಿ4. ಕೋಲನ್ ಹಾಕಿ ಬರೆಯುವ ಉದ್ದನೆಯದು ಐಪಿವಿ6. ನಾನು ಬದಲಾಯಿಸಿದ್ದು ಮೊದಲನೆಯದರ ಚೀಟಿ. ಎರಡನೆಯದರ ಚೀಟಿ ಹಾಗೆಯೇ ಇತ್ತು, ಲ್ಯಾಪ್‌ಟಾಪ್ ಅದನ್ನೇ ಮೊದಲು ನೋಡುತ್ತಿತ್ತು. ಡಿಎನ್‌ಎಸ್ ಬದಲಾಯಿಸಿದೆ, ಏನೂ ಆಗಲಿಲ್ಲ ಎಂದು ಹೇಳುವವರು ಒಮ್ಮೆ ಈ ಮೊದಲ ಸಾಲನ್ನು ನೋಡಬೇಕು.

ಮತ್ತೆ ಡಬ್ಬದ ಪುಟಕ್ಕೆ. ಅಷ್ಟರಲ್ಲಿ ಅದು ತಾನಾಗಿ ಲಾಗ್‌ಔಟ್ ಆಗಿತ್ತು. ಮತ್ತೆ ಒಳಗೆ ಹೋಗಿ ಲ್ಯಾನ್ ಕೆಳಗೆ ಐಪಿವಿ6 ಎಂಬ ಇನ್ನೊಂದು ಪುಟ ಹುಡುಕಿದೆ. ಅಲ್ಲಿ ಡಿಎನ್‌ಎಸ್ ಎಲ್ಲಿಂದ ಎಂದು ಕೇಳುವ ಸಾಲಿನಲ್ಲಿ ಡಬ್ಬವೇ ಎಂದು ಇತ್ತು. ಅದನ್ನು ಸ್ಟ್ಯಾಟಿಕ್, ಅಂದರೆ ನಾವೇ ಬರೆದು ಕೊಡುವುದು ಎಂದು ಮಾಡಿದೆ. ಕೆಳಗೆ ಎರಡು ಖಾನೆ ತೆರೆದವು. 2606:4700:4700::1111, ಅದರ ಕೆಳಗೆ 2606:4700:4700::1001. ಒಂದೊಂದೇ ಅಂಕಿ ಓದಿ, ಕೋಲನ್ ಎರಡು ಎಲ್ಲಿ, ಒಂದು ಎಲ್ಲಿ ಎಂದು ನೋಡಿ ಬರೆದೆ. ಇಂಥ ಕಡೆ ಒಂದು ಚುಕ್ಕಿ ಹೆಚ್ಚಾದರೂ ಆಯಿತು.

ವೈಫೈ ಆಫ್, ಆನ್. ಎನ್‌ಎಸ್‌ಲುಕಪ್. ಮೊದಲ ಸಾಲಿನಲ್ಲಿ ಸರ್ವರಿನ ಹೆಸರು ಬಂತು: ಒನ್ ಡಾಟ್ ಒನ್ ಡಾಟ್ ಒನ್ ಡಾಟ್ ಒನ್. ಕೆಳಗೆ ಉತ್ತರ. ಸೈಟ್ ಒತ್ತಿದೆ, ತೆರೆಯಿತು. ಇನ್ನೊಂದು ಒತ್ತಿದೆ, ತೆರೆಯಿತು. ಸುಮ್ನೆ ಖುಷಿಗೆ ಹತ್ತು ಸೈಟ್ ತೆರೆದೆ.

ಟಿವಿ ಮಾತ್ರ ಇನ್ನೂ ಹಳೆಯ ಚೀಟಿ ಹಿಡಿದುಕೊಂಡಿತ್ತು. ಆ ಚೀಟಿಗೆ ಅವಧಿ ಇರುತ್ತದೆ, ನಮ್ಮ ಡಬ್ಬದಲ್ಲಿ 86400 ಸೆಕೆಂಡ್ ಎಂದು ಇತ್ತು, ಅಂದರೆ 24 ಗಂಟೆ. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲುವುದಿಲ್ಲ. ಗೋಡೆಯ ಸ್ವಿಚ್ಚೇ ಆಫ್ ಮಾಡಿ ಹಾಕಿದೆ. ಅಷ್ಟು ಹೊತ್ತಿಗೆ ಎಂಟೂವರೆ. ಅರ್ಥಧಾರಿಗಳ ವಾದ ಅರ್ಧಕ್ಕೆ ಬಂದಿತ್ತು. "ಪರವಾಗಿಲ್ಲ ಮಗಳೇ, ಸಂಧಾನದ ಭಾಗ ಸಿಕ್ಕಿತಲ್ಲ" ಎಂದು ಮಾವ ಕುರ್ಚಿಗೆ ಬಂದರು.

ಮರುದಿನದಿಂದ ಸಂಜೆಯ ತೊಂದರೆ ನಿಂತಿತು. ಆದರೆ ಇದರಿಂದ ನೆಟ್ ಸ್ಪೀಡ್ ಜಾಸ್ತಿ ಆಗುತ್ತದೆ ಎಂದುಕೊಳ್ಳಬೇಡಿ. ಫೈಲ್ ಇಳಿಯುವ ವೇಗ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ. ಪುಟ ಶುರುವಾಗುವ ಮೊದಲಿನ ಕಾಯುವಿಕೆ ಮಾತ್ರ ಹೋಗಿದೆ. ನಾವು ಯಾವ ಸೈಟಿಗೆ ಹೋಗುತ್ತೇವೆ ಎಂಬುದು ಗುಟ್ಟಾಗಿಯೂ ಉಳಿಯುವುದಿಲ್ಲ. ಡಬ್ಬದಲ್ಲಿ ಹೀಗೆ ಹಾಕಿದ ಡಿಎನ್‌ಎಸ್ ಪ್ರಶ್ನೆಗಳು ಬರಿಯ ಪೋಸ್ಟ್‌ಕಾರ್ಡ್ ಇದ್ದ ಹಾಗೆ, ದಾರಿಯಲ್ಲಿ ಇರುವವರು ಓದಬಹುದು. ಮುಚ್ಚಿದ ಲಕೋಟೆಯಲ್ಲಿ ಕಳಿಸಬೇಕಾದರೆ ಆಂಡ್ರಾಯ್ಡ್ ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಸೆಟ್ಟಿಂಗ್ ಇದೆ, 9ನೇ ಆವೃತ್ತಿಯಿಂದ ಬಂದದ್ದು.

ಹದಿನೈದು ದಿನ ಕಳೆದು ಎರಡನೇ ಸಲ ಡಬ್ಬದ ಒಳಗೆ ಹೋದೆ. ಈ ಸಲ ಮಗನಿಗಾಗಿ. ಏಳನೇ ಕ್ಲಾಸು, ಶಾಲೆಯ ಪ್ರಾಜೆಕ್ಟ್ ಅಂತ ನನ್ನ ಲ್ಯಾಪ್‌ಟಾಪಿನಲ್ಲಿ ಕೂರುತ್ತಾನೆ. ಏನೋ ಹುಡುಕಲು ಹೋಗಿ ನೋಡಬಾರದ ಪುಟ ತೆರೆದುಕೊಂಡು, ಅವನೇ ಹೆದರಿ ಲ್ಯಾಪ್‌ಟಾಪ್ ಮುಚ್ಚಿ ನನ್ನ ಹತ್ತಿರ ಬಂದ. ಅವನನ್ನು ಬೈಯುವಂಥದ್ದು ಏನೂ ಇರಲಿಲ್ಲ. ಕ್ಲೌಡ್‌ಫ್ಲೇರ್‌ನದ್ದೇ ಇನ್ನೊಂದು ನಂಬರು ಇದೆ, 1.1.1.3 ಮತ್ತು 1.0.0.3. 2020ರಲ್ಲಿ ಮನೆಗಳಿಗೆಂದೇ ಶುರು ಮಾಡಿದ್ದು. ಮೋಸದ ಸೈಟ್ ಮತ್ತು ವಯಸ್ಕರ ಸೈಟುಗಳ ಹೆಸರು ಕೇಳಿದರೆ 0.0.0.0 ಎಂದು ಉತ್ತರ ಕೊಡುತ್ತದೆ. ಅಂದರೆ ಅಂಥ ಮನೆಯೇ ಇಲ್ಲ ಎಂದ ಹಾಗೆ. ಐಪಿವಿ6 ಖಾನೆಗಳಲ್ಲಿ ಕೊನೆಯ ಅಂಕಿಗಳು 1113 ಮತ್ತು 1003 ಆಗುತ್ತವೆ.

ಸೆಕೆಂಡರಿಯಲ್ಲಿ ಬೇರೆ ಕಂಪನಿಯದ್ದು ಇರಲಿ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ ಎಂದು ನನಗೆ ಮೊದಲು ಅನಿಸಿತ್ತು. ಸೋಸುವ ಡಿಎನ್‌ಎಸ್ ಹಾಕುವಾಗ ಹಾಗೆ ಮಾಡಬಾರದು. ಸೆಕೆಂಡರಿ ಬರೀ ಆಪತ್ತಿಗೆ ಇಟ್ಟದ್ದಲ್ಲ, ಫೋನು, ಟಿವಿಗಳು ಎರಡರಲ್ಲಿ ಯಾವುದನ್ನು ಬೇಕಾದರೂ ಕೇಳಬಹುದು. ಒಂದು ಬಾಗಿಲಿಗೆ ಚಿಲಕ ಹಾಕಿ ಇನ್ನೊಂದನ್ನು ತೆರೆದಿಟ್ಟ ಹಾಗೆ ಆಗುತ್ತದೆ.

ಇದು ಮಗನ ಮೇಲೆ ಕಣ್ಣಿಡುವ ಬದಲಿಗೆ ಅಲ್ಲ. ಯೂಟ್ಯೂಬ್ ಒಳಗೆ ಏನು ಬರುತ್ತದೆ ಎಂಬುದು ಡಿಎನ್‌ಎಸ್‌ಗೆ ಕಾಣುವುದಿಲ್ಲ. ಮೊಬೈಲ್ ಡೇಟಾ ಹಾಕಿಕೊಂಡರೆ ನಮ್ಮ ಡಬ್ಬದ ಮಾತು ನಡೆಯುವುದಿಲ್ಲ. ಬ್ರೌಸರಿನಲ್ಲಿ ಸೆಕ್ಯೂರ್ ಡಿಎನ್‌ಎಸ್ ಎಂಬಲ್ಲಿ ಬೇರೆ ಹೆಸರು ಹಾಕಿದ್ದರೂ ಇದನ್ನು ದಾಟಿ ಹೋಗುತ್ತದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬದಲಾಯಿಸಿದೆ. ಯಾಕೆ ಮಾಡುತ್ತಿದ್ದೇನೆ ಎಂದು ಹೇಳಿದೆ. ಅವನು ಅಂಕಿಗಳನ್ನು ಓದಿದ, ನಾನು ಬರೆದೆ. ಅದೇ ಹೊತ್ತಿನಲ್ಲಿ ಡಬ್ಬದ ಲಾಗಿನ್ ಪಾಸ್‌ವರ್ಡನ್ನೂ ಬದಲಾಯಿಸಿದೆ. ಚೀಟಿಯಲ್ಲಿ ಇದ್ದದ್ದನ್ನು ಮನೆಗೆ ಬಂದ ಯಾರು ಬೇಕಾದರೂ ಓದಬಹುದಿತ್ತು.

ಎಲ್ಲವನ್ನೂ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಹಳೆಯದು ಏನಿತ್ತು, ಹೊಸದು ಏನು, ಯಾವ ಪುಟ, ಯಾವ ದಿನ. ಮತ್ತೆ ಹಳೆಯದಕ್ಕೆ ಹೋಗುವುದು ಹೇಗೆ ಎಂದೂ ಬರೆದಿದೆ. ಬಿಲ್ ಕಟ್ಟಲು ಮರೆತರೆ ಕೆಲವು ಕಂಪನಿಗಳು ತಮ್ಮ ಡಿಎನ್‌ಎಸ್ ಮೂಲಕವೇ ಬಿಲ್ಲಿನ ಪುಟಕ್ಕೆ ತಿರುಗಿಸುತ್ತವೆ, ಆಗ ಅದು ಬೇಕಾಗಬಹುದು. ನಾನು ಮನೆಯಲ್ಲಿ ಇಲ್ಲದಾಗಲೂ ಇವರಿಗೋ ಮಗನಿಗೋ ಸಿಗಬೇಕು.

ಕಳೆದ ಭಾನುವಾರ ಸಂಜೆ ಗುಡುಗು ಬಂತು. ಮಾವ ತಾವೇ ಎದ್ದು ಡಬ್ಬದ ಪ್ಲಗ್ಗು ಎಳೆದರು. ನಮ್ಮ ಕಡೆ ಸಿಡಿಲಿಗೆ ಸುಟ್ಟ ಮೋಡೆಮ್‌ಗಳು ಎಷ್ಟೋ. ಹಿಂದೆಯೇ ಕರೆಂಟೂ ಹೋಯಿತು. ಮುಕ್ಕಾಲು ಗಂಟೆ ಬಿಟ್ಟು ಮೆಸ್ಕಾಂನವರು ಕೊಟ್ಟರು. ಪ್ಲಗ್ಗು ಹಾಕಿದೆ. ಮೊದಲು ಪವರ್ ದೀಪ. ಪಾನ್ ದೀಪ ಸ್ವಲ್ಪ ಹೊತ್ತು ಮಿನುಗಿ ನಿಂತಿತು. ವೈಫೈ ದೀಪ ಬಂತು. ಬರೆದದ್ದೆಲ್ಲ ಡಬ್ಬದ ನೆನಪಿನಲ್ಲಿ ಉಳಿದಿದೆಯೋ ಇಲ್ಲವೋ ಎಂದು ಲ್ಯಾಪ್‌ಟಾಪ್ ತೆರೆದು ಎನ್‌ಎಸ್‌ಲುಕಪ್ ಹಾಕಿದೆ. ಸರ್ವರಿನ ವಿಳಾಸ 1113ರಲ್ಲಿ ಮುಗಿದಿತ್ತು. ಇನ್ನೊಮ್ಮೆ ಓದಿ ನೋಡುವಷ್ಟರಲ್ಲಿ ಚಾವಡಿಯಿಂದ ಮದ್ದಳೆಯ ಸದ್ದು ಕೇಳಿತು.